ಲುಸಾಕ, 1977: ‘ಮುದಿ ವಿಮಾನ’ದ ತಲೆಗೆ ಕಟ್ಟಿದ ತಪ್ಪು

ವಿಮಾನದ ಬಿರುಕು ತಪಾಸಣೆ ಕಡ್ಡಾಯವಾದ ಕಥೆಯನ್ನು 1954ರ ಕಾಮೆಟ್ ದುರಂತಗಳಿಂದ ಶುರುಮಾಡಿ 1988ರ ಅಲೋಹಾ ಅವಘಡಕ್ಕೆ ತಂದು ನಿಲ್ಲಿಸುವುದು ನಮ್ಮ ಹಿರಿಯರ ಪರಿಪಾಠ. ನಡುವಿನ ಲುಸಾಕ ಪ್ರಕರಣವನ್ನು ‘ಮುದಿ ವಿಮಾನ’ದ ಖಾತೆಗೆ ಹಾಕಿ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. 47,621 ಗಂಟೆ, 16,723 ಹಾರಾಟ ಎಂಬ ಅಂಕಿಗಳು ಅವರಿಗೆ ಸಾಕು. ಬ್ರಿಟಿಷ್ ತನಿಖಾ ವರದಿಯನ್ನು ಕೊನೆಯವರೆಗೆ ಓದಿದವರು ಹೀಗೆ ಬರೆಯಲಾರರು.

1977ರ ಮೇ 14ರಂದು ಲುಸಾಕದಲ್ಲಿ ಇಳಿಯಲು ಬರುತ್ತಿದ್ದ ಡಾನ್-ಏರ್ ಸಂಸ್ಥೆಯ ಬೋಯಿಂಗ್ 707 ಸರಕು ವಿಮಾನದ ಬಲ ಬಾಲರೆಕ್ಕೆ ಕಳಚಿತು. ಒಳಗಿದ್ದ ಆರೂ ಮಂದಿ ಸತ್ತರು. ಹಿಂಬದಿ ಸ್ಪಾರ್‌ನ ಮೇಲಂಚಿನ ಪಟ್ಟಿಯಲ್ಲಿ, ಒಂದು ಫಾಸ್ಟನರ್ ರಂಧ್ರದಿಂದ ಬಿರುಕು ಹೊರಟಿತ್ತು. 707ರ 300 ಸರಣಿಯಲ್ಲಿ ಬಾಲರೆಕ್ಕೆ ದೊಡ್ಡದಾದಾಗ ಬಿಗಿತ ಸಾಲದೆಂದು ಹೊದಿಕೆಯ ಒಂದು ಭಾಗಕ್ಕೆ ಅಲ್ಯೂಮಿನಿಯಂ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಿದ್ದರು. ಹೊರೆ ಹಂಚಿಕೆಯಾಗುವ ರೀತಿಯೇ ಇದರಿಂದ ಬದಲಾಯಿತು. ಆದರೂ ಹೊಸ ರಚನೆಗೆ ಪೂರ್ಣಗಾತ್ರದ ದಣಿವು ಪರೀಕ್ಷೆ ನಡೆಯಲಿಲ್ಲ. ಹಳೆಯ, ಚಿಕ್ಕ ಬಾಲರೆಕ್ಕೆಗೆ ನಡೆದದ್ದನ್ನೇ ನಂಬಿಕೊಂಡರು. ಅಪಘಾತದ ನಂತರ ಇದೇ ಬಗೆಯ ಬಾಲರೆಕ್ಕೆಯಿದ್ದ 521 ವಿಮಾನಗಳನ್ನು ನೋಡಿದಾಗ 38ರಲ್ಲಿ ಬಿರುಕು ಸಿಕ್ಕಿತು. ಇದು ಒಂದು ಮುದಿ ವಿಮಾನದ ಕಾಯಿಲೆಯಲ್ಲ, ವಿನ್ಯಾಸಕ್ಕೇ ಅಂಟಿದ್ದ ದೋಷ.

ತಕರಾರಿನ ತಿರುಳಿರುವುದು ವರದಿಯ ಎರಡು ಸಂಖ್ಯೆಗಳಲ್ಲಿ. ಬಿರುಕು ಹುಟ್ಟಿ ಪಟ್ಟಿ ಪೂರ್ತಿ ತುಂಡಾಗಲು ಸುಮಾರು 7,200 ಹಾರಾಟ ಹಿಡಿಯಿತು. ತುಂಡಾದ ಮೇಲೆ ಬಾಲರೆಕ್ಕೆ ತಡೆದುಕೊಂಡದ್ದು ಹೆಚ್ಚೆಂದರೆ 100 ಹಾರಾಟ. ತಪ್ಪನ್ನು ಮೆಕ್ಯಾನಿಕ್‌ಗಳ ತಲೆಗೆ ಕಟ್ಟುವವರಿಗೆ ಮೊದಲ ಸಂಖ್ಯೆ ಬಲು ಪ್ರಿಯ: ಅಷ್ಟು ಕಾಲ ಯಾರಿಗೂ ಕಾಣಲಿಲ್ಲವೇ ಎಂದು ಕೇಳುತ್ತಾರೆ. ಕಾಣುವ ಹಾಗಿರಲಿಲ್ಲ ಎಂಬುದೇ ಉತ್ತರ. ನಿಗದಿಯಾಗಿದ್ದದ್ದು ಹೊರಗಿನಿಂದ ಕಣ್ಣಿನಲ್ಲಿ ನೋಡುವ ತಪಾಸಣೆ. ಪಟ್ಟಿ ಪೂರ್ತಿ ಮುರಿದರೆ ಅದಕ್ಕೆ ಗೊತ್ತಾದೀತು, ಅರ್ಧ ಸೀಳಿದ್ದರೆ ಇಲ್ಲ. ಎಂದಮೇಲೆ ತಪಾಸಕನಿಗೆ ನಿಜವಾಗಿ ದಕ್ಕಿದ ಅವಕಾಶ ಆ ಕೊನೆಯ 100 ಹಾರಾಟಗಳಷ್ಟೇ. 7,200 ಕಾಗದದ ಮೇಲಿನ ಆಸ್ತಿ.

ವರದಿ ಲೋಹದ ದಣಿವನ್ನೂ ಸಾಲದ ಫೇಲ್-ಸೇಫ್ ವಿನ್ಯಾಸವನ್ನೂ ಮುಖ್ಯ ಕಾರಣವೆನ್ನುತ್ತದೆ. ವಿನ್ಯಾಸದ ಪರಿಶೀಲನೆ, ಪ್ರಮಾಣೀಕರಣ, ತಪಾಸಣೆಗಳ ಕೊರತೆಯನ್ನು ಪೂರಕ ಕಾರಣವೆಂದು ಬೇರೆ ಇಡುತ್ತದೆ. ತನಿಖಾಧಿಕಾರಿಗಳ ಲೋಹಪರೀಕ್ಷೆಯ ಬಗ್ಗೆ ನನಗೆ ಪೂರ್ಣ ಗೌರವವಿದೆ; ಈ ವಿಂಗಡಣೆಯನ್ನು ಮಾತ್ರ ಒಪ್ಪಲಾರೆ. ಒಂದು ಭಾಗ ಮುರಿದರೂ ಉಳಿದವು ಹೊರೆ ಹೊರುತ್ತವೆ ಎಂಬ ಭರವಸೆಗೆ ಅವಧಿಯ ಮಿತಿ ಉಂಟು. ಮುರಿತ ಆ ಮಿತಿಯೊಳಗೆ ಕಣ್ಣಿಗೆ ಬೀಳದಿದ್ದರೆ ಭರವಸೆಯೇ ಹುಸಿ. ಆದ್ದರಿಂದ ತಪಾಸಣೆಯೂ ಫೇಲ್-ಸೇಫ್ ವಿನ್ಯಾಸದ ಒಂದು ಅಂಗ. ಅದನ್ನು ಪೂರಕವೆಂದು ಬದಿಗಿಡಲಾಗದು.

ವಯಸ್ಸಿನ ವಾದಕ್ಕೆ ಇನ್ನೆರಡು ಅಡ್ಡಿಗಳಿವೆ. 1969ರ ಡಿಸೆಂಬರ್‌ನಲ್ಲಿ ರೆಕ್ಕೆ ಕಳಚಿ ಬಿದ್ದ ಅಮೆರಿಕದ ವಾಯುಪಡೆಯ ಎಫ್-111 ಹಾರಿದ್ದು ನೂರು ಗಂಟೆಯ ಆಸುಪಾಸು. ರೆಕ್ಕೆಯ ತಿರುಗುಕೀಲಿನ ಉಕ್ಕಿನಲ್ಲಿ ತಯಾರಿಕೆಯ ಹೊತ್ತಿನದೇ ದೋಷವಿತ್ತು. ಬಿರುಕು ಮೊದಲ ದಿನದಿಂದಲೇ ಇದೆಯೆಂದು ಭಾವಿಸಿ ಲೆಕ್ಕ ಹಾಕಬೇಕೆಂಬ 1974ರ ಸೇನಾ ಮಾನದಂಡ ಬಂದದ್ದು ಇದರ ಹಿನ್ನೆಲೆಯಲ್ಲಿ. 2012ರ ಜನವರಿಯಲ್ಲಿ ಯುರೋಪಿನ ನಿಯಂತ್ರಣ ಸಂಸ್ಥೆ ಏರ್‌ಬಸ್ ಎ380ರ ರೆಕ್ಕೆಯೊಳಗಿನ ಪಕ್ಕೆಗಳ ಪಾದಗಳಿಗೆ ಬಿರುಕು ತಪಾಸಣೆಯನ್ನು ಕಡ್ಡಾಯಗೊಳಿಸಿತು. ಆ ವಿಮಾನ ಪ್ರಯಾಣಿಕರ ಸೇವೆಗೆ ಬಂದದ್ದೇ 2007ರಲ್ಲಿ. ಅಲ್ಲಿ ಬಿರುಕಿಗೆ ಕಾರಣವಾದ ಮಿಶ್ರಲೋಹದ ಆಯ್ಕೆಯನ್ನೂ ಜೋಡಣೆಯ ಒತ್ತಡವನ್ನೂ ಮುದಿತನ ಎನ್ನಲಾದೀತೇ?

1978ರಲ್ಲಿ ಅಮೆರಿಕದ ನಾಗರಿಕ ನಿಯಮ ಬದಲಾಗಿ, ಬಿರುಕು ಬೆಳೆಯುವ ವೇಗದಿಂದಲೇ ತಪಾಸಣೆಯ ಅಂತರವನ್ನು ನಿರ್ಧರಿಸುವ ಪದ್ಧತಿ ಬಂತು. ಈ ಇತಿಹಾಸದ ಕಾಲವಿಭಾಗಕ್ಕೆ ತಕ್ಕ ಗಡಿ ಇದೇ, ಅಲೋಹಾ ಅಲ್ಲ. ಅಲ್ಲಿಂದಾಚೆಗಿನ ಯಾವ ತಪಾಸಣಾ ಆದೇಶವನ್ನು ಓದುವಾಗಲೂ ವಿಮಾನದ ವಯಸ್ಸಿಗಿಂತ ಮೊದಲು ಎರಡು ಸಂಗತಿ ನೋಡಬೇಕು: ಆದೇಶ ಹೇಳುವ ಉಪಕರಣಕ್ಕೆ ಬಿರುಕು ಯಾವ ಹಂತದಲ್ಲಿ ಸಿಕ್ಕುತ್ತದೆ, ಸಿಕ್ಕಿದ ಮೇಲೆ ಎಷ್ಟು ಹಾರಾಟ ಉಳಿಯುತ್ತದೆ.