ನೆರೆಯವನ ರುಜು

ರಾಜ್ಯದ ಸೇವಕರಿಂದ ಪ್ರಜೆಗೆ ಹಾನಿಯಾದರೆ ಅದನ್ನು ತುಂಬಿಕೊಡಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯ ಇತ್ತ ಉತ್ತರ ಮೂರು ದಶಕಗಳಲ್ಲಿ ಬಹುಮಟ್ಟಿಗೆ ಬದಲಾಯಿತು. ಈ ಬದಲಾವಣೆಯ ಕೀರ್ತಿಯನ್ನೆಲ್ಲ ನ್ಯಾಯಮೂರ್ತಿಗಳಿಗೆ ಸಲ್ಲಿಸುವುದು ವಾಡಿಕೆ. ಅದರ ಹಿಂದೆ ಅರ್ಜಿ ಬರೆದ ಸಾಮಾನ್ಯರ ಕೈಗಳೂ ಇದ್ದುವೆಂಬುದನ್ನು ತೋರಿಸುವುದು ಈ ಕಿರುಲೇಖನದ ಉದ್ದೇಶ.

1947ರ ಸೆಪ್ಟೆಂಬರಿನಲ್ಲಿ ಮೀರತ್ತಿನ ಪೋಲೀಸರು ಅಮೃತಸರದ ಚಿನಿವಾರನೊಬ್ಬನನ್ನು ಹಿಡಿದು, ಅವನಲ್ಲಿದ್ದ ನೂರು ತೊಲೆಗೂ ಮಿಗಿಲಾದ ಚಿನ್ನವನ್ನೂ ಬೆಳ್ಳಿಯನ್ನೂ ವಶಪಡಿಸಿಕೊಂಡರು. ಬೆಳ್ಳಿ ಹಿಂದಿರುಗಿತು, ಚಿನ್ನದೊಡನೆ ಹೆಡ್ ಕಾನ್‌ಸ್ಟೇಬಲನೊಬ್ಬ ಪಾಕಿಸ್ತಾನಕ್ಕೆ ಓಡಿಹೋದ. ಇದೇ ಕಸ್ತೂರಿಲಾಲ್ ಪ್ರಕರಣ. ದಸ್ತಗಿರಿ ಮತ್ತು ಜಪ್ತಿ ಸಾರ್ವಭೌಮಾಧಿಕಾರದ ಕಾರ್ಯಗಳಾದುದರಿಂದ ಸರಕಾರ ಹೊಣೆಯಲ್ಲವೆಂದು ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರರ ಪೀಠ ತೀರ್ಪಿತ್ತಿತು. ಈ ಫಲ ಪೀಠಕ್ಕೂ ಸಮಾಧಾನ ತರಲಿಲ್ಲ. ಶಾಸನಸಭೆ ಕಾಯಿದೆ ಮಾಡಬೇಕೆಂದು ಅದು ಸೂಚಿಸಿತು. ಬ್ಯಾಂಕಿನಲ್ಲಿ ಲೆಕ್ಕ ನೋಡುವ ನನ್ನಂಥವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ: ಸ್ವತ್ತು ಪಡೆದುದಕ್ಕೆ ದಾಖಲೆಯುಂಟು, ಹಿಂದಿರುಗಿಸುವ ಬಾಧ್ಯತೆಯಿಲ್ಲ!

ಚಿನ್ನದ ಗತಿಯೇ ಇದಾದರೆ ಜೀವದ ಗತಿಯೇನು? 1983ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ, ಖುಲಾಸೆಯಾದ ಮೇಲೂ 14 ವರ್ಷ ಸೆರೆಯಲ್ಲಿದ್ದವನಿಗೆ ನ್ಯಾಯಾಲಯ ನೇರವಾಗಿ ಪರಿಹಾರ ಕೊಡಿಸಿ ಹೊಸ ದಾರಿ ತೆರೆಯಿತು. ಆ ದಾರಿಯಲ್ಲಿ ಮೊದಲು ನಡೆದವರಲ್ಲಿ ದೆಹಲಿಯ ‘ಸಹೇಲಿ’ ಎಂಬ ಮಹಿಳಾ ಸಂಸ್ಥೆಯೂ ಒಂದು. ಪೋಲೀಸರ ಹೊಡೆತದಿಂದ 9 ವರ್ಷದ ಬಾಲಕನೊಬ್ಬ ಮೃತನಾದಾಗ ಸಂಸ್ಥೆಯು ತಾಯಿಯ ಪರವಾಗಿ ನ್ಯಾಯಾಲಯದ ಬಾಗಿಲು ತಟ್ಟಿತು. ಆಕೆಗೆ 75,000 ರೂಪಾಯಿ ಸಲ್ಲಬೇಕೆಂದು 1989ರಲ್ಲಿ ಆಜ್ಞೆಯಾಯಿತು.

ಒಡಿಶಾದ ಸುಂದರಗಢ ಜಿಲ್ಲೆಯ ತಾಯಿಯೊಬ್ಬಳಿಗೆ ಕಾಗದವೇ ಆಸರೆಯಾಯಿತು. 1987ರ ಡಿಸೆಂಬರ್ 1ರಂದು ಆಕೆಯ 22 ವರ್ಷದ ಮಗನನ್ನು ಪೋಲೀಸರು ಕರೆದೊಯ್ದರು. ಮರುದಿನ ರೈಲುಹಳಿಯ ಮೇಲೆ ಹೆಣ ಸಿಕ್ಕಿತು. ಕಟ್ಟಿದ ಹಗ್ಗವನ್ನು ಕಡಿದು ಓಡಿಹೋಗಿ ರೈಲಿಗೆ ಸಿಕ್ಕನೆಂಬುದು ಪೋಲೀಸರ ವಾದ. ತಾಯಿಯ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಅದು ಠಾಣೆಯ ವಶದಲ್ಲಾದ ಸಾವೇ ಎಂದು ನಿರ್ಣಯಿಸಿ, 1993ರಲ್ಲಿ 1,50,000 ರೂಪಾಯಿ ಕೊಡಿಸಿತು. ಮೂಲಭೂತ ಹಕ್ಕಿನ ಭಂಗಕ್ಕೆ ಸಾರ್ವಭೌಮಾಧಿಕಾರದ ರಕ್ಷಣೆ ಸಲ್ಲದೆಂದು ಸ್ಪಷ್ಟಪಡಿಸಿತು. ನೀಲಾಬತಿ ಬೆಹೆರಾ ಪ್ರಕರಣವೆಂದು ಹೆಸರಾದ ಈ ತೀರ್ಪಿನ ಪೀಠದಲ್ಲಿ, ಮುಂದೆ ಕರ್ನಾಟಕದ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ವೆಂಕಟಾಚಲರೂ ಇದ್ದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಆದರೂ ಹಣವು ಸತ್ತವರನ್ನು ತಾರದು. ಸಾವಿಗೆ ಮೊದಲೇ ತಡೆ ಬೇಕು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ. ಕೆ. ಬಸು 1986ರಲ್ಲಿ ಬರೆದ ಪತ್ರ ಅದಕ್ಕೆ ನಿಮಿತ್ತವಾಯಿತು. ಪತ್ರಿಕೆಗಳಲ್ಲಿ ಬಂದ ಠಾಣೆಯ ಸಾವುಗಳ ಸುದ್ದಿಯತ್ತ ಅದು ಗಮನ ಸೆಳೆದಿತ್ತು. ಹತ್ತು ವರ್ಷಗಳ ಬಳಿಕ, 1996ರ ಡಿಸೆಂಬರಿನಲ್ಲಿ, ನ್ಯಾಯಾಲಯ 11 ನಿಯಮಗಳನ್ನು ವಿಧಿಸಿತು. ದಸ್ತಗಿರಿಯ ಪತ್ರಕ್ಕೆ ಮನೆಯವರೊಬ್ಬರು ಇಲ್ಲವೆ ಆ ಸ್ಥಳದ ಗೌರವಸ್ಥರೊಬ್ಬರು ಸಾಕ್ಷಿಯಾಗಿ ರುಜು ಹಾಕಬೇಕೆಂಬುದು ಅವುಗಳಲ್ಲೊಂದು. ಈ ನಿಯಮವೇ ದಂಡ ಪ್ರಕ್ರಿಯಾ ಸಂಹಿತೆಯನ್ನು ಸೇರಿ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮಾಗಿ ಉಳಿದಿದೆ.

ಹೊರನಾಡಿನ ನಮಗೆ ಇದರ ಅರ್ಥ ಹೆಚ್ಚಿನದು. ಊರು ಬಿಟ್ಟು ಬಂದ ಹೋಟೆಲಿನ ಹುಡುಗನಿಗೆ, ಕಟ್ಟಡದ ಕೂಲಿಯವನಿಗೆ ಈ ನಗರದಲ್ಲಿ ಮನೆಯವರಿಲ್ಲ; ನೆರೆಯವರೇ ಬಂಧುಗಳು. ಕಾಯಿದೆ ಹೇಳುವ ‘ಸ್ಥಳದ ಗೌರವಸ್ಥರು’ ನಮ್ಮಲ್ಲಿ ಯಾರೂ ಆಗಬಹುದು. ಅಂಥ ಕರೆ ಬಂದ ರಾತ್ರಿ ಬಾಗಿಲು ತೆರೆದು, ವೇಳೆ ನಮೂದಾಗಿದೆಯೇ ಎಂದು ನೋಡಿ ರುಜು ಹಾಕುವುದು, ಊರಿನಲ್ಲಿರುವ ತಾಯಿಗೆ ಸುದ್ದಿ ಮುಟ್ಟಿಸುವುದು ನಮ್ಮ ಸಂಘಗಳು ಕೈಕೊಳ್ಳಬಹುದಾದ ಕೆಲಸ. ಚಿನ್ನಕ್ಕೂ ಹೊಣೆಯಿಲ್ಲವೆಂದ ಕಾಲದಿಂದ ಇಷ್ಟು ದೂರ ಬಂದಿರುವುದು ಇಂಥ ಕೆಲಸವನ್ನು ಯಾರೋ ಮಾಡಿದ್ದರಿಂದಲೇ.