ಪಹಣಿಯಲ್ಲಿ ಹೆಸರಿಲ್ಲದವರ ಸಂಕಟ: ಒಂದು ಸಂಶೋಧನಾ ಟಿಪ್ಪಣಿ

ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ನಮ್ಮ ರಾಜ್ಯದಲ್ಲಿ ಐದು ಲಕ್ಷ ರೂಪಾಯಿ ಪರಿಹಾರವಿದೆ. ಅದರ ಕಡತದಲ್ಲಿ ಪಹಣಿ, ಸಾಲದ ಕಾಗದ, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಇರುತ್ತವೆ. ಉಪವಿಭಾಗಾಧಿಕಾರಿಯ ಸಮಿತಿ ಇವನ್ನು ನೋಡಿ ಪ್ರಕರಣ ಅರ್ಹವೋ ಅನರ್ಹವೋ ಎಂದು ತೀರ್ಮಾನಿಸುತ್ತದೆ. ಆ ಮನುಷ್ಯ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ, ಯಾರೊಡನೆ ಮಾತು ಬಿಟ್ಟಿದ್ದ, ಯಾವ ಡಾಕ್ಟರ ಮುಂದೆ ಏನು ಹೇಳಿಕೊಂಡಿದ್ದ ಎಂಬುದರ ಮೇಲೆ ಆ ತೀರ್ಮಾನ ನಿಲ್ಲುವುದಿಲ್ಲ. ಪರಿಹಾರದ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಹಳ್ಳಿಯ ಮಾನಸಿಕ ಸಂಕಟವನ್ನು ಅಳೆಯಲೂ ನಾವು ಇದೇ ಕೋಲನ್ನು ಹಿಡಿದಿದ್ದೇವೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದಲ್ಲಿ ಕೃಷಿಯನ್ನೇ ನೆಚ್ಚಿದ 11,290 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಕರ್ನಾಟಕದ ಪಾಲು 2,392. ನಮಗಿಂತ ಮುಂದಿದ್ದದ್ದು ಮಹಾರಾಷ್ಟ್ರ ಮಾತ್ರ. ಈ 11,290ರಲ್ಲಿ ‘ರೈತರು’ 5,207, ಕೃಷಿ ಕೂಲಿಕಾರರು 6,083. ಕೂಲಿಯವರೇ ಹೆಚ್ಚು, ಆದರೂ ರೂಢಿಯ ಮಾತಿನಲ್ಲಿ ಇದು ‘ರೈತರ’ ಆತ್ಮಹತ್ಯೆ. ಇನ್ನೂ ವಿಚಿತ್ರವಾದದ್ದು, ಆ 5,207 ರೈತರಲ್ಲಿ ಹೆಂಗಸರು ಕೇವಲ 208. ಕಳೆ ಕೀಳುವವಳು, ನಾಟಿ ಹಾಕುವವಳು, ಹಾಲು ಕರೆಯುವವಳು ಸತ್ತಾಗ ಪೊಲೀಸರ ಕಾಗದದಲ್ಲಿ ಸಾಮಾನ್ಯವಾಗಿ ‘ಗೃಹಿಣಿ’. ಅದೇ ವರ್ಷ ಆ ಕಲಮಿನಲ್ಲಿ 25 ಸಾವಿರಕ್ಕೂ ಹೆಚ್ಚು ಸಾವುಗಳಿವೆ. ಅವರಲ್ಲಿ ಹೊಲದವರೆಷ್ಟು, ಪೇಟೆಯವರೆಷ್ಟು ಎಂದು ಆ ಕಲಮು ಹೇಳುವುದಿಲ್ಲ.

‘ಮನಸ್ಸು’ ಎಂಬ ಮಾತೆತ್ತಿದರೆ ನಮ್ಮಲ್ಲಿ ಒಂದು ಅಳುಕಿದೆ. ಅದಕ್ಕೆ ಚರಿತ್ರೆಯೂ ಇದೆ. 1997-98ರಲ್ಲಿ ಬೀದರಿನ ತೊಗರಿ ಕೈಕೊಟ್ಟ ಮೇಲೆ ಆದ ಸಾವುಗಳನ್ನು ಸಮಾಜಶಾಸ್ತ್ರಜ್ಞೆ ಎ.ಆರ್. ವಸಾವಿ ಮಾರುಕಟ್ಟೆ, ಸರ್ಕಾರ ಮತ್ತು ಒಬ್ಬೊಂಟಿಯಾಗುತ್ತಿದ್ದ ಬೇಸಾಯಗಾರನ ಸ್ಥಿತಿಯೊಡನೆ ಸೇರಿಸಿ ಓದಿದರು. ರೈತರ ಆತ್ಮಹತ್ಯೆಗಳ ಬಗ್ಗೆ 2002ರಲ್ಲಿ ವರದಿ ಕೊಟ್ಟ ಜಿ.ಕೆ. ವೀರೇಶ್ ಸಮಿತಿ ಕುಡಿತ, ಮನೆಜಗಳಗಳಂಥ ಕಾರಣಗಳಿಗೆ ಒತ್ತು ಕೊಟ್ಟಿತು. ಸಾಲವನ್ನು ಮರೆಮಾಚಲು ಮನಸ್ಸನ್ನು ಮುಂದೆ ಮಾಡಿದರು ಎಂಬ ಟೀಕೆ ಬಂತು. ಟೀಕೆ ಸಕಾರಣವಾದದ್ದೇ. ಆದರೆ ಅಂದಿನಿಂದ ಸಾಲವೋ ಮನಸ್ಸೋ ಎಂಬ ಹಗ್ಗಜಗ್ಗಾಟ ನಿಂತಿಲ್ಲ. ಸಾಲ ಒಬ್ಬರ ನಿದ್ದೆಯನ್ನು ಹೇಗೆ ತಿನ್ನುತ್ತದೆ ಎಂಬ ಪ್ರಶ್ನೆ ಬದಿಗೇ ಉಳಿಯಿತು.

ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಕಲ್ಯಾಣ ಕರ್ನಾಟಕದ ಅಂಥ ಒಂದು ಆಸ್ಪತ್ರೆಯಲ್ಲಿ ಒಂದು ಮಂಗಳವಾರ ಕೂತಿದ್ದೆ. ಸುಮಾರು ನಲವತ್ತರ ಹೆಣ್ಣುಮಗಳೊಬ್ಬಳು ಮನೋವೈದ್ಯರ ಕೋಣೆಯನ್ನು ದಾಟಿ ಸಾಮಾನ್ಯ ಸಾಲಿನಲ್ಲಿ ನಿಂತಳು. “ಎದ್ಯಾಗ ಭಾರ ಆಗೇತ್ರಿ, ನಿದ್ದಿ ಹತ್ತವಲ್ದು, ಉಂಡದ್ದು ಮೈಗಿ ಹತ್ತವಲ್ದು.” ಚೀಟಿಯಲ್ಲಿ ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಾಗ “ಮನ್ಯಾಗ ಏನರ ತ್ರಾಸ ಐತೇನವ್ವಾ?” ಎಂದು ಕೇಳಿದೆ. ಸಂಘದ ವಾರದ ಕಂತು, ಬೆಂಗಳೂರಿಗೆ ದುಡಿಯಲು ಹೋದ ಗಂಡ, ಲಾವಣಿಗೆ ಹಿಡಿದ ಎರಡು ಎಕರೆ, ಒಂದೊಂದಾಗಿ ಬಂದವು. ಹೊಲ ಲಾವಣಿಯದು, ಪಹಣಿಯಲ್ಲಿ ಬೇರೆಯವರ ಹೆಸರು. ‘ಡಿಪ್ರೆಶನ್’ ಎಂದು ಹುಡುಕುವ ಪ್ರಶ್ನಾವಳಿಗೆ ಇಂಥವರು ಸುಲಭವಾಗಿ ಸಿಗುವುದಿಲ್ಲ. ಅವರ ಮಾತೆಲ್ಲ ಎದೆ, ಹೊಟ್ಟೆ, ನಿದ್ದೆಯದು.

ಇಂಥವರು ಮೊದಲು ಬರುವುದು ಸಾಮಾನ್ಯ ವೈದ್ಯರ ಬಳಿಗೇ ಎಂಬುದು ಹೊಸದಾಗಿ ಗೊತ್ತಾದ ಸಂಗತಿಯೇನಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ನಿಂತದ್ದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರ ತರಬೇತಿ ಮತ್ತು ಕೆಲವೇ ಔಷಧಗಳ ಮೇಲೆ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮುಂದೆ ವಿದರ್ಭದ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ‘ವಿಶ್ರಾಮ್’ ಕಾರ್ಯಕ್ರಮ ಊರಿನವರನ್ನೇ ಮನೆಮನೆಗೆ ಕಳಿಸಿತು. ಖಿನ್ನತೆಗೆ ನೆರವು ಪಡೆದವರ ಪ್ರಮಾಣ ಸುಮಾರು ಒಂದೂವರೆ ವರ್ಷದಲ್ಲಿ ಶೇ. 4.3ರಿಂದ ಶೇ. 27.2ಕ್ಕೆ ಏರಿತು. ಹತ್ತಿ ಬೆಳೆಯುವ, ಸಾಲದಲ್ಲಿ ಮುಳುಗಿದ ಸೀಮೆಯಲ್ಲೇ ಇದು ಆದದ್ದು.

ಹಾಡಿಗಳಿಗೆ ಹೋದರೆ ಕಡತದ ಕೋಲು ಪೂರ್ತಿ ಮುರಿಯುತ್ತದೆ. ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿದ್ದಾರೆ. ಪಹಣಿ ಇಲ್ಲ, ಬ್ಯಾಂಕಿನ ಸಾಲವೂ ಇಲ್ಲ. ಅವರು ಕಳೆದುಕೊಂಡದ್ದು ಜೇನಿನ ಮರ, ಗೆಡ್ಡೆ ಅಗೆಯುವ ಜಾಗ, ಹಿರಿಯರನ್ನು ಮಣ್ಣು ಮಾಡಿದ ನೆಲ. ಇವಕ್ಕೆ ಯಾವ ಕಾಗದವೂ ಇಲ್ಲ. ಅಲ್ಲೊಬ್ಬ ಸತ್ತರೆ ಊರವರು ‘ಕುಡಿದು ಸತ್ತ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. 2002ರ ವರದಿಯ ಕುಡಿತವೇ ಮತ್ತೆ ಇಲ್ಲಿ, ಈ ಸಲ ಟೀಕಿಸುವವರೂ ಇಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಟವರಲ್ಲಿ ನನ್ನ ಕೋರಿಕೆ ಎರಡು. ಪ್ರಶ್ನಾವಳಿಯ ಮೊದಲ ಪುಟದಿಂದ ಸರ್ವೆ ನಂಬರು ತೆಗೆಯಿರಿ. ಆ ಜಾಗದಲ್ಲಿ ನಿದ್ದೆಯ ಬಗ್ಗೆ, ಊಟದ ಬಗ್ಗೆ, ಅವರದೇ ಮಾತಿನಲ್ಲಿ ಕೇಳಿರಿ. ಮತ್ತೆ, ಹೇಳಿಕೊಂಡವರ ಕೈಗೆ ಟೆಲಿ ಮಾನಸ್ ಸಹಾಯವಾಣಿಯ ನಂಬರು ಬರೆದುಕೊಟ್ಟು ಬನ್ನಿ: 14416. ಕರೆ ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಪಹಣಿ ಕೇಳುವುದಿಲ್ಲ.