ಬಾಗಿದ ಬೆನ್ನಿನ ಚರಿತ್ರೆ

ಕಮಲಾಪುರದ ಕಡೆ ಅಜ್ಜಿಯರ ಬೆನ್ನು ಬಾಗಿದರೆ ವಯಸ್ಸಾಯಿತೆಂದು ಸುಮ್ಮನಾಗುವುದು ರೂಢಿ. ಅನೇಕರಲ್ಲಿ ನಿಜವಾದ ಕಾರಣ ಬೇರೆ: ಟೊಳ್ಳಾದ ಬೆನ್ನುಮೂಳೆಯ ಮಣಿಗಳು ಕೊಡ ಎತ್ತುವಾಗಲೋ ಕೆಮ್ಮುವಾಗಲೋ ಸದ್ದಿಲ್ಲದೆ ಕುಸಿದಿರುತ್ತವೆ.

ಮುಟ್ಟು ನಿಂತ ಸ್ತ್ರೀಯರಲ್ಲಿ ಈ ಮೂಳೆ ಸವೆತ ಹೆಚ್ಚೆಂಬುದನ್ನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು. ಆದರೆ ಅಳೆಯುವ ಬಗೆ? ಆಗ ಗುಲ್ಬರ್ಗವಾಗಿದ್ದ ಕಲಬುರಗಿಗೆ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದಾಗ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಜಗತ್ತಿನಲ್ಲೆಲ್ಲೂ ಇರಲಿಲ್ಲ. ಅದು ಬಳಕೆಗೆ ಬಂದದ್ದು 1980ರ ದಶಕದ ಕೊನೆಗೆ. ಎಕ್ಸ್‌ರೇಯಲ್ಲಿ ಸವೆತ ಕಾಣುವಷ್ಟರಲ್ಲಿ ಮೂಳೆಯ ಸುಮಾರು ಮೂರರಲ್ಲೊಂದು ಪಾಲು ಹೋಗಿರುತ್ತದೆ.

ಮಣಿಯೊಳಗೆ ಸೂಜಿಯಿಂದ ಸಿಮೆಂಟು ತುಂಬುವ ವಿಧಾನ 1984ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಅದು ಬರಿಯ ತೋರಿಕೆಯ ಚಿಕಿತ್ಸೆಗಿಂತ ಮೇಲೆನಿಸಲಿಲ್ಲ. ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯಲ್ಲಂತೂ ಮೂಳೆಯೇ ಗೋಡೆ. ಮಣ್ಣು ಉದುರುವ ಗೋಡೆಯಲ್ಲಿ ಗೂಟ ನಿಲ್ಲದು. ಅರವತ್ತು ದಾಟಿದ ನನ್ನ ವಿದ್ಯಾರ್ಥಿನಿಯರೇ, ಬೆನ್ನಿನ ಆಪರೇಷನ್ನಿಗೆ ಒಪ್ಪುವ ಮುನ್ನ ಮೂಳೆಯ ಸಾಂದ್ರತೆ ನೋಡಬೇಕೇ ಎಂದು ವೈದ್ಯರನ್ನು ಕೇಳಿರಿ. ತುರ್ತಿಲ್ಲದಿದ್ದರೆ ಮೊದಲು ಔಷಧದಿಂದ ಮೂಳೆಯನ್ನು ಬಲಪಡಿಸಿ, ಅನಂತರ ಶಸ್ತ್ರಚಿಕಿತ್ಸೆ ಮಾಡುವುದುಂಟು.

ನಮ್ಮ ಜೋಳದ ರೊಟ್ಟಿಯ ಅಭಿಮಾನ ನನಗೂ ಉಂಟು. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಜೋಳದಲ್ಲಿ 30 ಕೂಡ ಇಲ್ಲ.